ಕಿಬ್ಬೊಟ್ಟೆಯ ನೀರುಗುಳ್ಳೆ: ಗರ್ಭಕೋಶ ತೆಗೆಸುವ ಮೊದಲು ತಿಳಿಯಬೇಕಾದುದು



ಎತ್ತು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕರೆತರುತ್ತೀರಿ. ಮನೆಯ ಹೆಣ್ಣುಮಗಳು ಕಿಬ್ಬೊಟ್ಟೆ ಹಿಡಿದುಕೊಂಡು ನಾಟಿಗೆ ಹೋದರೆ ಮಾತ್ರ, ಮುಟ್ಟಿನ ನೋವು, ತಾನೇ ಹೋಗುತ್ತದೆ ಎಂದು ಸುಮ್ಮನಾಗುತ್ತೀರಿ. ಸೊಸೆ ಅತ್ತೆಗೆ ಹೇಳಳು, ಅತ್ತೆ ಮಗನಿಗೆ ಹೇಳಳು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಚೀಟಿಯಲ್ಲಿ ‘ಸಿಸ್ಟ್’ ಎಂದು ಬರೆದಿರುತ್ತದೆ. ಕೂಡಲೇ ಮನೆಯವರೆಲ್ಲ ಗಾಬರಿಯಾಗಿ, ಗರ್ಭಕೋಶವನ್ನೇ ತೆಗೆಸಿಬಿಡೋಣ, ಪೀಡೆ ಕಳೆಯಲಿ ಎನ್ನುತ್ತಾರೆ. ಈ ಅವಸರದಿಂದ ಆಗುವ ಹಾನಿ ದೊಡ್ಡದು. ಆದುದರಿಂದ ಈ ಪಾಠವನ್ನು ಬರೆದಿದೆ. ಮನೆಯಲ್ಲಿ ಹೆಂಗಸರೆದುರಿಗೂ ಓದಿ ಹೇಳಿರಿ.

ಗರ್ಭಕೋಶದ ಎರಡು ಪಕ್ಕದಲ್ಲಿ ಬಾದಾಮಿಯಂಥ ಎರಡು ಅಂಡಾಶಯಗಳಿವೆ. ಒಂದೊಂದು ಸುಮಾರು 3 ಸೆಂಟಿಮೀಟರ್ ಉದ್ದ. ಪ್ರತಿ ತಿಂಗಳೂ ಅವುಗಳಲ್ಲಿ ಒಂದು ನೀರುಗುಳ್ಳೆ ಎದ್ದು, 2 ಸೆಂಟಿಮೀಟರಿನಷ್ಟು ಬೆಳೆದು, ಒಡೆದು ಅಂಡವನ್ನು ಹೊರಬಿಡುತ್ತದೆ. ಇದು ಪ್ರಕೃತಿಯ ಕ್ರಮ. ಕೆಲವು ಸಲ ಗುಳ್ಳೆ ಒಡೆಯದೆ ದೊಡ್ಡದಾಗಿ ನಿಲ್ಲುತ್ತದೆ. ಸಿಸ್ಟ್‌ಗಳಲ್ಲಿ ಬಹುಪಾಲು ಇಂಥವೇ. ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಇವು ತಾವೇ ಇಂಗಿಹೋಗುತ್ತವೆ. ಮುಟ್ಟು ನಿಲ್ಲದ ಹೆಂಗಸಿನಲ್ಲಿ ಬರೀ ನೀರು ತುಂಬಿದ, 5 ಸೆಂಟಿಮೀಟರಿಗಿಂತ ಚಿಕ್ಕ ಗುಳ್ಳೆಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ‘ಪಿ.ಸಿ.ಓ.’ ಎಂದು ಬರೆದಿದ್ದರೆ ಅದು ಸಾಸಿವೆಯಂತೆ ಸಣ್ಣ ಸಣ್ಣ ಗುಳ್ಳೆಗಳ ಸಂಗತಿ. ಅವನ್ನು ಕತ್ತರಿಸಿ ತೆಗೆಯುವ ಪ್ರಶ್ನೆಯೇ ಇಲ್ಲ.

ತಾವಾಗಿ ಹೋಗದ ಗುಳ್ಳೆಗಳೂ ಉಂಟು. ‘ಡರ್ಮಾಯ್ಡ್’ ಎಂಬ ಗಡ್ಡೆಯೊಳಗೆ ಕೊಬ್ಬು, ಕೂದಲು, ಕೆಲವು ಸಲ ಹಲ್ಲು ಕೂಡ ಇರುತ್ತದೆ. ಇದನ್ನು ಕಂಡು ಯಾರೋ ಮಾಟ ಮಾಡಿಸಿದ್ದಾರೆ ಎಂದು ನೆರೆಯವರ ಮೇಲೆ ಹಗೆ ಸಾಧಿಸಬೇಡಿ. ಅಂಡದ ಜೀವಕಣಕ್ಕೆ ದೇಹದ ಯಾವ ಭಾಗವನ್ನಾದರೂ ಬೆಳೆಸುವ ಶಕ್ತಿ ಇರುವುದರಿಂದಲೇ ಹೀಗಾಗುತ್ತದೆ. ಇನ್ನೊಂದು ಬಗೆಯಲ್ಲಿ ಹಳೆಯ ರಕ್ತ ಕಾಕಂಬಿಯಂತೆ ಕಪ್ಪಾಗಿ ತುಂಬಿರುತ್ತದೆ. ಮುಟ್ಟಿನಲ್ಲಿ ಪ್ರಾಣ ಹಿಂಡುವ ನೋವು, ಮಕ್ಕಳಾಗದಿರುವುದು ಇದರ ಗುರುತುಗಳು. ಮುಟ್ಟು ನಿಂತ ಮೇಲೆ ಕಾಣುವ ಗುಳ್ಳೆ, ಒಳಗೆ ಗಟ್ಟಿ ಭಾಗವಿರುವ ಗುಳ್ಳೆ, ಇವುಗಳಲ್ಲಿ ಕ್ಯಾನ್ಸರಿನ ಸಂಶಯವನ್ನು ಮೊದಲು ತೀರಿಸಿಕೊಳ್ಳಬೇಕು.

ಒಂದು ಅಪಾಯವನ್ನು ಮಾತ್ರ ಮರೆಯಬೇಡಿ. ಗುಳ್ಳೆಯ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನಲ್ಲೇ ತಿರುಚಿಕೊಳ್ಳಬಹುದು. ಆಗ ರಕ್ತ ಹರಿಯುವುದು ನಿಲ್ಲುತ್ತದೆ. ಒಂದು ಪಕ್ಕದಲ್ಲಿ ತಟ್ಟನೆ ತಡೆಯಲಾಗದ ನೋವು, ಜೊತೆಗೆ ವಾಂತಿ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಬೇಗ ತಲುಪಿದರೆ ತಿರುಚನ್ನು ಬಿಡಿಸಿ ಅಂಡಾಶಯವನ್ನು ಉಳಿಸಬಹುದು. ಮುಟ್ಟು ತಪ್ಪಿದವಳಿಗೆ ಹೊಟ್ಟೆನೋವಿನೊಡನೆ ತಲೆಸುತ್ತು ಬಂದರೂ ಅಷ್ಟೇ ತುರ್ತು. ಬಸಿರು ಗರ್ಭಕೋಶದ ಹೊರಗೆ ನಿಂತಿರಬಹುದು.

ಈ ಚಿಕಿತ್ಸೆ ನಡೆದುಬಂದ ದಾರಿ ದೊಡ್ಡದು. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಕ್ರಾಫರ್ಡ್ ಎಂಬ ಹೆಂಗಸು ಕುದುರೆಯ ಮೇಲೆ ಸುಮಾರು 60 ಮೈಲಿ ಹೋಗಿ, ಡಾಕ್ಟರ್ ಮೆಕ್‌ಡೋವೆಲ್ ಅವರಿಂದ ಸುಮಾರು 10 ಕಿಲೋ ತೂಕದ ಅಂಡಾಶಯದ ಗಡ್ಡೆಯನ್ನು ತೆಗೆಸಿಕೊಂಡಳು. ಅರಿವಳಿಕೆಯ ಮದ್ದು ಆಗಿನ್ನೂ ಇರಲಿಲ್ಲ. ಆಕೆ ಬದುಕಿ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಬಾಳಿದಳು. ಈಗ ಅದೇ ಕೆಲಸ ಬೆರಳು ತೂರದಷ್ಟು ಸಣ್ಣ ರಂಧ್ರಗಳಿಂದ ಆಗುತ್ತದೆ. ‘ಲ್ಯಾಪ್ರೋಸ್ಕೋಪಿ’ ಎಂಬ ಹೆಸರು ಸಂತಾನಹರಣದ ಶಿಬಿರಗಳಿಂದ ನಿಮಗೆ ಗೊತ್ತೇ ಇದೆ. ಸಲಕರಣೆ ಅದೇ ಜಾತಿಯದು, ಕೆಲಸ ಬೇರೆ.

ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ 1 ಸೆಂಟಿಮೀಟರಿನಷ್ಟು ಕೊಯ್ದು, ಇಂಗಾಲದ ಡೈ ಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಅಲ್ಲಿಂದ ಕ್ಯಾಮೆರಾ ಇಳಿಯುತ್ತದೆ. ಅರ್ಧ ಸೆಂಟಿಮೀಟರಿನ ಇನ್ನೆರಡು ಮೂರು ರಂಧ್ರಗಳಿಂದ ಇಕ್ಕಳ, ಕತ್ತರಿ. ವೈದ್ಯರು ಟಿ.ವಿ. ಪರದೆ ನೋಡುತ್ತ ಗುಳ್ಳೆಯ ಸಿಪ್ಪೆಯನ್ನು ಅಂಡಾಶಯದಿಂದ ಸುಲಿದು, ಸಣ್ಣ ಚೀಲದಲ್ಲಿಟ್ಟು ಹೊರತೆಗೆಯುತ್ತಾರೆ. ಕಳೆ ಕೀಳುವ ಕೈ ಪೈರಿನ ಬೇರನ್ನು ಉಳಿಸುವ ಹಾಗೆ ಅಂಡಾಶಯ ಉಳಿಯುತ್ತದೆ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನಿಗೆ ಸುಮಾರು ಆರು ವಾರದ ವಿಶ್ರಾಂತಿ ಬೇಕು. ಇದರಲ್ಲಿ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಮನೆ, ಒಂದೆರಡು ವಾರಕ್ಕೆ ಹಗುರ ಕೆಲಸ. ಗಾಯ ಸಣ್ಣದೆಂದು ಮರುವಾರವೇ ನೀರಿನ ಕೊಡ, ಹುಲ್ಲಿನ ಹೊರೆ ಹೊರಿಸಬೇಡಿ. ಅನಿಲದಿಂದಾಗಿ ಹೆಗಲು ನೋಯುವುದು ಸಹಜ. ಜ್ವರ, ಏರುವ ಹೊಟ್ಟೆನೋವು, ನಿಲ್ಲದ ವಾಂತಿ ಸಹಜವಲ್ಲ. ಅಪರೂಪಕ್ಕೆ ಕರುಳಿಗೋ ಮೂತ್ರಕೋಶಕ್ಕೋ ಪೆಟ್ಟಾಗುವುದುಂಟು. ನಡುವೆ ಹೊಟ್ಟೆ ತೆರೆಯಬೇಕಾಗಿಯೂ ಬರಬಹುದು.

ಈಗ ಗರ್ಭಕೋಶದ ಮಾತು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನೇಕ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದಿದ್ದಾರೆಂದು ದೊಡ್ಡ ದೂರು ಎದ್ದು ತನಿಖೆ ನಡೆಯಿತು. ಹಲವರು ನಲವತ್ತು ದಾಟದವರು. ಇಂಥ ಆಪರೇಷನ್ನುಗಳ ಮೇಲೆ ನಿಗಾ ಇಡುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತು. ಚಿಕ್ಕ ವಯಸ್ಸಿನಲ್ಲಿ ಎರಡೂ ಅಂಡಾಶಯ ಹೋದರೆ ಮುಟ್ಟು ಒಮ್ಮೆಗೇ ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಭಯ ಹೆಚ್ಚುತ್ತದೆ. ಹೊಲದಲ್ಲಿ ಬಗ್ಗಿ ದುಡಿಯುವವಳಿಗೆ ಇದು ಸಣ್ಣ ನಷ್ಟವಲ್ಲ.

ಸಾರಥಿಯ ಸುತ್ತಿನವರು ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಹರಿಹರದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿರಿ. ಅಲ್ಲಿಂದ 14 ಕಿಲೋಮೀಟರಿಗೆ ದಾವಣಗೆರೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಬಿ.ಪಿ.ಎಲ್. ಕುಟುಂಬಕ್ಕೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಧಾರವಿದೆ. ಪಡಿತರ ಚೀಟಿ, ಆಧಾರ್, ಹಳೆಯ ಸ್ಕ್ಯಾನಿಂಗ್ ಚೀಟಿಗಳನ್ನು ಒಯ್ಯಿರಿ. ಗುಳ್ಳೆ ಎಷ್ಟು ಸೆಂಟಿಮೀಟರ್, ಒಳಗೆ ನೀರೇ ಅಥವಾ ಗಟ್ಟಿಯೇ, ಕಾದು ನೋಡಬಹುದೇ, ಅಂಡಾಶಯ ಉಳಿಯುವುದೇ ಎಂದು ಸಂಕೋಚವಿಲ್ಲದೆ ಕೇಳಿರಿ. ಅನುಮಾನವಾದರೆ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಿರಿ; ಅದರಿಂದ ಯಾವ ಒಳ್ಳೆಯ ವೈದ್ಯರೂ ಮುನಿಯುವುದಿಲ್ಲ. ಆಪರೇಷನ್ ಆದ ಮೇಲೆ ತೆಗೆದ ಗುಳ್ಳೆಯನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಹೊಲಿಗೆ ಒಣಗಿತು, ನೋವು ಹೋಯಿತು ಎಂದು ಆ ವರದಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರುವವರು ಬಹಳ ಜನ. ನೀವು ತಪ್ಪದೆ ಹೋಗಿ ತಂದು ವೈದ್ಯರಿಗೆ ತೋರಿಸಿರಿ.