ಕೂಳೆ ಹೊಲದ ಸರ್ಕಸ್

ಮಾಯಸಂದ್ರ
ಸಂಕ್ರಾಂತಿ ಕಳೆದ ಎರಡನೇ ಭಾನುವಾರ

ಪ್ರೀತಿಯ ಪುಟ್ಟಿಗೆ ತಾತನ ಆಶೀರ್ವಾದಗಳು.

ನಿಮ್ಮಜ್ಜಿಯ ಮಂಡಿ ನೋವು ಹಾಗೇ ಇದೆ, ಆದರೂ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುವುದನ್ನು ಬಿಟ್ಟಿಲ್ಲ. ಒಳಗೆ ಕೊಬ್ಬರಿ ಲೊಟಲೊಟ ಅನ್ನುತ್ತಿದೆಯಂತೆ. ಶಿವರಾತ್ರಿ ಹೊತ್ತಿಗೆ ಸುಲಿಸಿ ತಿಪಟೂರಿಗೆ ಹಾಕಬೇಕು. ನೀನು ಕಳಿಸಿದ ಹಕ್ಕಿ ಪಟ್ಟಿ ಬಂತು. ಹೆಸರಘಟ್ಟದಲ್ಲಿ ಒಂದೇ ಬೆಳಗ್ಗೆ 61! ನಿನ್ನ ವಯಸ್ಸಿನಲ್ಲಿ ನಾನು ಕಾಗೆ, ಗುಬ್ಬಿ, ಗೊರವಂಕ ಆದಮೇಲೆ ನಾಲ್ಕನೆಯ ಹೆಸರಿಗೆ ತಡಕಾಡುತ್ತಿದ್ದೆ. ಆ ಪಟ್ಟಿಯ 38ನೆಯದರ ಬಗ್ಗೆ ನಿನ್ನ ಹತ್ತಿರ ಒಂದು ಮಾತು ಕೇಳುವುದಿದೆ. ಅದಕ್ಕೆ ಮೊದಲು, ಹೋದ ವಾರ ಇಲ್ಲಿಗೊಬ್ಬರು ಬಂದು ಹೋದ ಕಥೆ ಕೇಳು.

ಬೆಳಗ್ಗೆ ಎಂಟೂವರೆ ಇರಬೇಕು. ಕೆರೆ ಏರಿ ಮೇಲೆ ಜನ ಸೇರಿದ್ದು ಕಂಡು ಯಾರೋ ನೀರಿಗೆ ಬಿದ್ದರೇನೋ ಅಂತ ಎದೆ ಧಸಕ್ಕೆಂದಿತು. ಹತ್ತಿರ ಹೋದರೆ ಬಾಡಿಗೆ ಕಾರು, ಪಕ್ಕದಲ್ಲಿ ಎತ್ತರದ ಬಿಳಿಯ ಮನುಷ್ಯ, ಕೊರಳಲ್ಲಿ ದುರ್ಬೀನು. ಆತ ಕೆರೆ ನೋಡುತ್ತಿದ್ದಾನೆ, ಸ್ಕೂಲಿಗೆ ಹೊರಟ ಹುಡುಗರೆಲ್ಲ ಆತನನ್ನು ನೋಡುತ್ತಿದ್ದಾರೆ. ನನ್ನನ್ನು ಕಂಡಿದ್ದೇ ಒಬ್ಬ ಕೂಗಿದ: ‘ತಾತ, ಬೇಗ ಬನ್ನಿ, ನಿಮ್ ಥರದೋರು ಇನ್ನೊಬ್ರು ಬಂದವ್ರೆ!’

ನಿಮ್ ಥರದೋರು! ಮೂವತ್ತು ವರ್ಷದಿಂದ ಈ ಊರಲ್ಲಿ ಹಕ್ಕಿ ನೋಡಿಕೊಂಡು ಓಡಾಡುತ್ತಿದ್ದರೂ ನನಗೊಂದು ಜಾತಿ ಇದೆ ಅಂತ ಯಾರೂ ಹೇಳಿರಲಿಲ್ಲ ಕಣೆ.

ಆತ ಇಂಗ್ಲೆಂಡಿನವನು. ಯಾವುದೋ ಕಾಲೇಜಿನ ಪ್ರೊಫೆಸರ್ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಹೆಂಡತಿಗೆ ಹೊಯ್ಸಳ ದೇವಸ್ಥಾನಗಳ ಹುಚ್ಚು, ಆತನಿಗೆ ಹಕ್ಕಿ ಹುಚ್ಚು. ಹಿಂದಿನ ದಿನ ಆದಿಚುಂಚನಗಿರಿಯಲ್ಲಿ ಇಬ್ಬರಿಗೂ ರಾಜಿಯಾಗಿ ನವಿಲು ನೋಡಿದ್ದಾರೆ. ಆಮೇಲೆ ದಾರಿಯುದ್ದಕ್ಕೂ ಹುರುಳಿ ಹೊಲಗಳಲ್ಲೇ ನವಿಲು ಕಂಡು, ಇದನ್ನು ನೋಡಲು ಅಭಯಾರಣ್ಯಕ್ಕೇ ಹೋಗಬೇಕಿತ್ತೇ ಅಂತ ನಗಾಡಿದ. ಹೆಂಡತಿಯನ್ನು ತುರುವೇಕೆರೆಯ ಮೂಲೆ ಶಂಕರೇಶ್ವರನ ಗುಡಿಯಲ್ಲಿ ಬಿಟ್ಟು, ಬರುವಾಗ ಕಂಡಿದ್ದ ನಮ್ಮ ಕೆರೆಗೆ ವಾಪಸು ಬಂದಿದ್ದನಂತೆ.

ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ಗೊಬ್ಬರದ ಚೀಲದ ಮೇಲಿರುವುದನ್ನು ಓದುವಷ್ಟು. ಡ್ರೈವರಿಗೆ ಇಂಗ್ಲಿಷು ಬರುತ್ತಿತ್ತು, ಹಕ್ಕಿ ಬರುತ್ತಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಡ್ರೈವರಿನ ಕೆಲಸ ಮುಗಿಯಿತು. ಆತ ಬೆರಳು ತೋರಿಸುವುದು, ನಾನು ತಲೆ ಆಡಿಸುವುದು. ಕೆರೆಯಲ್ಲಿ ಆತನಿಗೆ ಹೊಸದು ಹೆಚ್ಚೇನೂ ಇರಲಿಲ್ಲ. ನಾಮದ ಕೋಳಿ, ಬೂದು ಬಕ, ಸೂಜಿಬಾಲದ ಬಾತು, ಎಲ್ಲ ಆತನ ಊರಲ್ಲೂ ಇರುವವೇ. ಇಷ್ಟು ದೂರ ಬಂದವನಿಗೆ ಊರಿನವರೇ ಎದುರಾದಂತಾಗಿ ನನಗೇ ಸಂಕೋಚವಾಯಿತು. ಎಳನೀರು ಕುಡಿಸೋಣ ಅಂತ ತೋಟಕ್ಕೆ ಕರೆದುಕೊಂಡು ಹೋದೆ.

ತೋಟದ ಮೂಲೆಯಲ್ಲಿ ಸುಳಿ ಬಿದ್ದು ಬೋಳಾದ ತೆಂಗಿನ ಮರ ನಿಂತಿದೆಯಲ್ಲ, ನಿಮ್ಮಪ್ಪ ಬಂದಾಗಲೆಲ್ಲ ಕಡಿಸಿಬಿಡಿ ಅನ್ನುವುದು, ಅದರ ಪೊಟರೆಯಿಂದ ಒಂದು ಗಿಣಿ ತಲೆ ಹಾಕಿತು. ಆತ ಕುಣಿದಾಡುತ್ತಾನೆ ಅಂತ ನಾನು ಕಾದರೆ, ಜೋರಾಗಿ ನಕ್ಕುಬಿಟ್ಟ. ಈ ನಮ್ಮ ಕೊರಳ ಪಟ್ಟಿಯ ಗಿಣಿಯೇ ಲಂಡನ್ನಿನ ಪಾರ್ಕುಗಳಲ್ಲಿ ಸಾವಿರಗಟ್ಟಲೆ ಇದೆಯಂತೆ. ಪಂಜರದಿಂದ ತಪ್ಪಿಸಿಕೊಂಡವು, ಬಿಟ್ಟವು, ಸಂಸಾರ ಮಾಡಿಕೊಂಡು ಅಲ್ಲೇ ನೆಲೆ ನಿಂತಿವೆ. ಅಲ್ಲಿಯ ಚಳಿಯಲ್ಲಿ ನಮ್ಮ ಗಿಣಿ! ನಿಮ್ಮಜ್ಜಿ ಇದನ್ನು ಇನ್ನೂ ನಂಬಿಲ್ಲ.

ಆತನ ಕಣ್ಣು ಅರಳಿದ್ದು ಆಮೇಲೆ, ಮನೆ ಜಗಲಿಯಲ್ಲಿ. ಸೂರಿನ ಸಂದಿಗೆ ಗುಬ್ಬಚ್ಚಿಗಳು ಹುಲ್ಲು ತುರುಕುತ್ತಿದ್ದವು. ಎಳನೀರಿನ ಬುರುಡೆ ಕೈಯಲ್ಲೇ ಹಿಡಿದು ಕಾಲು ಗಂಟೆ ಕುಂತ. ಬ್ರಿಟನ್ನಿನಲ್ಲಿ ಗುಬ್ಬಿ ಎಷ್ಟು ಕಡಿಮೆಯಾಗಿದೆಯೆಂದರೆ 2002ರಿಂದ ಕಳವಳದ ಕೆಂಪು ಪಟ್ಟಿಯಲ್ಲಿದೆಯಂತೆ. ಆತ ಚಿಕ್ಕವನಾಗಿದ್ದಾಗ ಅವರ ಮನೆ ಹಂಚಿನಡಿಯಲ್ಲೂ ಹೀಗೇ ತುರುಕುತ್ತಿದ್ದವಂತೆ. ನಮ್ಮ ಗಿಣಿ ಅಲ್ಲಿ ಗದ್ದಲ ಮಾಡುತ್ತಿದೆ, ಅವರ ಗುಬ್ಬಿ ನೋಡಲು ಆತ ನಮ್ಮ ಜಗಲಿಗೆ ಬರಬೇಕಾಯಿತು. ಒಳಗಿನಿಂದ ನಿಮ್ಮಜ್ಜಿ ಹಿತಕಿದ ಬೇಳೆ ಸಾರು ತಂದು, ಖಾರ ಆಗುತ್ತದೇನೋ ಅಂತ ಬಾಗಿಲಲ್ಲೇ ನಿಂತು ನೋಡಿದಳು. ಎರಡು ಸಲ ಹಾಕಿಸಿಕೊಂಡ.

ಈಗ ಮುಖ್ಯ ವಿಷಯ. ಊಟ ಆದಮೇಲೆ ರಾಗಿ ಹೊಲದ ಕಡೆ ಹೋದೆವು. ಕುಯ್ಲಾಗಿ ಬರೀ ಕೂಳೆ. ಹಿಂದೆ ಹುಡುಗರ ದಂಡು, ಸ್ಕೂಲಿಗೆ ಯಾಕೆ ಹೋಗಿಲ್ಲ ಅಂತ ಕೇಳುವ ನೈತಿಕ ಹಕ್ಕು ಅವತ್ತು ನನಗಿರಲಿಲ್ಲ. ಬದುವಿನಾಚೆಯಿಂದ ಕಂದು ಬಣ್ಣದ ಹಕ್ಕಿಯೊಂದು, ನೆಲ ಗುಡಿಸುವ ಹಾಗೆ ತೀರಾ ತಗ್ಗಿನಲ್ಲಿ, ರೆಕ್ಕೆ ತುಸು ಮೇಲೆತ್ತಿ ತೇಲಿ ಬಂತು. ಬಾಲದ ಬುಡದಲ್ಲಿ ಬಿಳಿ. ಆತ ದುರ್ಬೀನು ಏರಿಸಿ ಪಿಸುಗುಟ್ಟಿದ: ‘ಸರ್ಕಸ್!’

ಹುಡುಗರಿಗೆ ಅದೊಂದೇ ಅರ್ಥವಾದ ಮಾತು. ‘ಸರ್ಕಸ್ ಬಂದದಂತೆ! ಎಲ್ ಹಾಕವ್ರೆ ಟೆಂಟು?’ ಅಂತ ಒಬ್ಬ ಕೇಳಿದ. ಹೀಗೆ ತಗ್ಗಿನಲ್ಲಿ ತೇಲುವ ಬೇಟೆ ಹಕ್ಕಿಗಳೇ ಸೆಳೆವಗಳು, ಅವುಗಳ ಶಾಸ್ತ್ರೀಯ ಹೆಸರೇ ಸರ್ಕಸ್ ಕಣೆ. ಗ್ರೀಕರು ಒಂದು ಗಿಡುಗಕ್ಕೆ ಇಟ್ಟಿದ್ದ ಹೆಸರಿನಿಂದ ಬಂದದ್ದು. ಅದು ಗೊತ್ತಿದ್ದದ್ದರಿಂದ ಅವತ್ತು ಹುಡುಗರ ಮುಂದೆ ನನ್ನ ಮಾನ ಉಳಿಯಿತು.

ಉಳಿದದ್ದು ಎರಡೇ ನಿಮಿಷ. ‘ಯಾವುದು?’ ಅಂತ ಆತ ನನ್ನನ್ನೇ ಕೇಳಿದ. ನಾನು ತಡಮಾಡದೆ ‘ಮೊಂಟಗು’ ಅಂದೆ. ಯಾಕೆ ಗೊತ್ತೇ? ಹಕ್ಕಿ ನೋಡಿ ಅಲ್ಲ. ಮೊಂಟಗು ಸೆಳೆವ ಬೇರೆಯದೇ ಜಾತಿ ಅಂತ 1802ರಲ್ಲಿ ಗುರುತಿಸಿದವನು ಜಾರ್ಜ್ ಮೊಂಟಗು ಅನ್ನುವ ಇಂಗ್ಲೆಂಡಿನವನು. ಈಗ ಇಂಗ್ಲೆಂಡಿನಲ್ಲಿ ಆ ಹಕ್ಕಿ ತೀರಾ ಅಪರೂಪ. ಬಂದ ನೆಂಟನಿಗೆ ಅವನೂರಿನ ಹೆಸರೇ ಉಡುಗೊರೆ ಕೊಡೋಣ ಅನ್ನಿಸಿತು, ಅಷ್ಟೆ.

ಆತ ಮೆಲ್ಲಗೆ ಕೇಳಿದ: ‘ಕತ್ತು ನೋಡಿದಿರಾ?’

ನೋಡಿರಲಿಲ್ಲ. ಮೊಂಟಗುವಿಗೂ ಮಸುಕು ಸೆಳೆವ ಅನ್ನುವ ಇನ್ನೊಂದಕ್ಕೂ ಗುರುತು ತಪ್ಪುವುದು ಸುಲಭ. ಗಂಡಾದರೆ ತೊಂದರೆಯಿಲ್ಲ. ಮಸುಕು ಸೆಳೆವದ ಗಂಡು ಬಿಳಿಚಿಕೊಂಡಂತೆ ಇರುತ್ತದೆ, ರೆಕ್ಕೆ ತುದಿಯಲ್ಲಿ ಮಾತ್ರ ಕರಿ. ಮೊಂಟಗುವಿನ ಗಂಡಿಗೆ ರೆಕ್ಕೆ ಮೇಲೆ ಕರಿ ಗೆರೆ. ಹೆಣ್ಣುಗಳು ಮಾತ್ರ ಅಕ್ಕತಂಗಿಯರ ಹಾಗೆ. ಮಸುಕಿನ ಹೆಣ್ಣಿಗೆ ಕೆನ್ನೆಯ ಹಿಂದೆ ತಿಳಿ ಬಣ್ಣದ ಪಟ್ಟಿ, ಅದರ ಹಿಂದೆ ಕಡುಗಂದು ಕತ್ತು. ಮೊಂಟಗುವಿಗೆ ಆ ಪಟ್ಟಿ ಸ್ಪಷ್ಟವಿಲ್ಲ, ಕಣ್ಣಿನ ಸುತ್ತ ಬಿಳಿ ಹೆಚ್ಚು. ಇದೆಲ್ಲ ನನಗೆ ಬಾಯಿಪಾಠ. ಆದರೆ ನನ್ನ ದುರ್ಬೀನಿನ ಎಡಗಣ್ಣಿಗೆ ಬೂಸ್ಟು ಹಿಡಿದಿದೆ, ಬಿಸಿಲು ಎದುರಿಗಿತ್ತು, ಹಕ್ಕಿ ಬದು ದಾಟಿತ್ತು. ‘ಇಲ್ಲ’ ಅಂದೆ. ‘ನಾನೂ ನೋಡಲಿಲ್ಲ’ ಅಂದ ಆತ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಎರಡೂ ಹೆಸರು ಬರೆದು ನಡುವೆ ಒಂದು ಓರೆ ಗೆರೆ ಎಳೆದ. ನಲವತ್ತು ವರ್ಷ ಹಕ್ಕಿ ನೋಡಿದವನು! ನಾನೂ ನನ್ನ ಡೈರಿಯಲ್ಲಿ ಹಾಗೇ ಬರೆದುಕೊಂಡೆ. ಆಮೇಲೆ ನನ್ನ ಡೈರಿ ಇಸಕೊಂಡು, ಪೆನ್ಸಿಲಿನಲ್ಲಿ ಎರಡು ತಲೆ ಅಕ್ಕಪಕ್ಕ ಬರೆದು ಕೊಟ್ಟ, ಮುಂದಿನ ಸಲಕ್ಕೆ ಇರಲಿ ಅಂತ. ಮೂರು ಗಂಟೆಗೆ ಹೆಂಡತಿಯ ಫೋನು ಬಂತು, ಹೊರಟ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪೆಟ್ಟಿಗೆಯಿಂದ ಹಳೆ ಡೈರಿಗಳನ್ನೆಲ್ಲ ಇಳಿಸಿದೆ. ‘ಮೊಂಟಗು, ಹೆಣ್ಣು’ ಅಂತ ಹನ್ನೊಂದು ಕಡೆ ಬರೆದಿದ್ದೀನಿ, ಎಲ್ಲ ದುಂಡು ಅಕ್ಷರದಲ್ಲಿ, ಗುಮಾನಿಯ ಗುರುತೇ ಇಲ್ಲದೆ. ಕತ್ತು ನೋಡಿದ ನೆನಪಿರುವುದು ಮೂರಕ್ಕೆ. ಉಳಿದ ಎಂಟರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಬೇಜಾರಾಯಿತು ಅಂದುಕೊಳ್ಳಬೇಡ, ಹಲ್ಲಿನ ಸಂದಿಯ ನಾರು ತೆಗೆದ ಹಾಗಾಯಿತು. ದೇಶ ಬೇರೆಯಾದವರು ಹೀಗೆ ಜೊತೆಯಾಗಿ ಹಕ್ಕಿ ನೋಡಿದ್ದು ನಮ್ಮಿಂದಲೇ ಶುರುವಾದದ್ದಲ್ಲ. ಸಾಲಿಂ ಅಲಿ ಮತ್ತು ಅಮೆರಿಕದ ಡಿಲ್ಲನ್ ರಿಪ್ಲಿ ಸೇರಿ ನಮ್ಮ ಹಕ್ಕಿಗಳ ಮೇಲೆ 1968ರಿಂದ 1974ರವರೆಗೆ ಹತ್ತು ಸಂಪುಟ ತಂದರು. ಗಾಂಧೀಜಿಯ ಗೆಳೆಯ, ಇಂಗ್ಲೆಂಡಿನ ಹೊರೇಸ್ ಅಲೆಕ್ಸಾಂಡರ್ 1950ರಲ್ಲಿ ದೆಹಲಿಯ ಪಕ್ಷಿವೀಕ್ಷಕರ ಸಂಘ ಕಟ್ಟಿದವರಲ್ಲಿ ಒಬ್ಬರು. ಅವರೂ ಒಬ್ಬರನ್ನೊಬ್ಬರು ‘ಕತ್ತು ನೋಡಿದಿರಾ’ ಅಂತ ಎಷ್ಟು ಸಲ ಕೇಳಿಕೊಂಡಿರಬೇಕು!

ಮೂರನೇ ದಿನ ಅದೇ ಹೊಲದಲ್ಲಿ ಸೆಳೆವ ಮತ್ತೆ ಬಂತು. ಬಿಸಿಲು ಬೆನ್ನಿಗಿತ್ತು. ಬಲಗಣ್ಣೊಂದರಲ್ಲೇ ನೋಡಿದೆ: ತಿಳಿ ಪಟ್ಟಿ, ಹಿಂದೆ ಕಡುಗಂದು ಕತ್ತು, ಬಿಡಿಸಿ ಇಟ್ಟ ಹಾಗೆ. ಮಸುಕು ಸೆಳೆವ. ಮೊದಲ ದಿನದ್ದೂ ಇದೇ ಹಕ್ಕಿಯೋ, ಬೇರೆಯೋ? ಈ ಎರಡು ಜಾತಿಯೂ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬರುವವು. ನಿಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆಯವರು ದಕ್ಷಿಣದಲ್ಲಿ ಸೆಳೆವಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟಾಗ ಕಜಾಕಿಸ್ತಾನದವರೆಗೆ ಹೋದದ್ದು ಉಪಗ್ರಹದಲ್ಲಿ ಕಂಡಿತ್ತು. ಅಷ್ಟು ದೂರದಿಂದ ಬಂದವುಗಳಲ್ಲಿ ಎರಡು ನಮ್ಮ ಹೊಲಕ್ಕೆ ಯಾಕೆ ಬರಬಾರದು? ಹಳೆಯ ಸಾಲಿನ ಓರೆ ಗೆರೆ ಮುಟ್ಟಲಿಲ್ಲ. ಕೆಳಗೆ ಹೊಸ ಸಾಲು ಬರೆದೆ.

ಈಗ ನಿನ್ನ 38ನೆಯದು. ‘ಮೊಂಟಗು, ಹೆಣ್ಣು’ ಅಂತ ಬರೆದಿದ್ದೀಯ. ಕತ್ತು ನೋಡಿದೆಯಾ, ಇಲ್ಲ ಫೋನು ಹೇಳಿತಾ? ನೋಡಿದ್ದರೆ ಇರಲಿ ಬಿಡು. ಆತ ಬರೆದ ತಲೆಗಳ ಚಿತ್ರ ಡೈರಿಯಲ್ಲಿದೆ. ಫೋಟೋ ತೆಗೆದು ಕಳಿಸು ಅಂತ ನೀನು ಕೇಳುತ್ತೀಯ, ಕಳಿಸಲ್ಲ, ಬಂದು ನೋಡು. ಮಾರ್ಚ್ ಮುಗಿಯುವುದರೊಳಗೆ ಬಂದರೆ ಹಕ್ಕಿಯೂ ಸಿಗಬಹುದು. ಬರುವಾಗ ಒಳ್ಳೆ ಪೆನ್ಸಿಲ್ ಎರಡು ತಾ, ಇಲ್ಲಿ ಸಿಗುವುದರ ಸೀಸ ಕೆತ್ತುವಾಗಲೇ ಮುರಿಯುತ್ತದೆ.

ನಿನ್ನ ತಾತ