ಜಿಡ್ಡು ಕರಗಲಿ, ನಾತ ಹೋಗಲಿ

ನಾವು ದಿನಾ ಪಾತ್ರೆ ತೊಳೀತೀವಿ. ಎಣ್ಣೆ ಜಿಡ್ಡು ನೀರಿನ ಜೊತೆ ಬಚ್ಚಲಿಗೆ ಹೋಗುತ್ತೆ. ಕೊಳವೆಯೊಳಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ನೀರು ಕಟ್ಟುತ್ತೆ. ಕೊಳೆತು ನಾರುತ್ತೆ.

ಇದಕ್ಕೆ ಅಂಗಡಿಯಲ್ಲಿ ಎಂಜೈಮ್ ಪುಡಿ ಸಿಗುತ್ತೆ. ಎಂಜೈಮ್ ಅಂದರೆ ಏನು? ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಿ ಸಿಹಿಯಾಗುತ್ತೆ ಅಲ್ಲವೇ? ನಮ್ಮ ಎಂಜಲಿನ ಎಂಜೈಮ್ ಅನ್ನವನ್ನು ಒಡೆಯುತ್ತೆ. ಹಾಗೆಯೇ ಲೈಪೇಸ್ ಎಂಬ ಎಂಜೈಮ್ ಜಿಡ್ಡನ್ನು ಒಡೆಯುತ್ತೆ. ಕೆಲವು ಪುಡಿಗಳಲ್ಲಿ ಸೂಕ್ಷ್ಮಜೀವಿಗಳೂ ಇರುತ್ತವೆ. ಒಡೆದ ಜಿಡ್ಡನ್ನು ಅವು ತಿನ್ನುತ್ತವೆ. ನಾತವೂ ಕಡಿಮೆಯಾಗುತ್ತೆ.

ರಾತ್ರಿ ಕೆಲಸ ಮುಗಿದ ಮೇಲೆ ಪುಡಿ ಹಾಕೋಣ. ಜೊತೆಗೆ ಕುದಿಯುವ ನೀರು, ಬ್ಲೀಚಿಂಗ್ ಪುಡಿ ಬೇಡ. ಪುಡಿಯ ಗುಣ ಕೆಡುತ್ತೆ.

ಪುಡಿಗಿಂತ ದೊಡ್ಡ ಮದ್ದು ನಮ್ಮ ಕೈಯಲ್ಲೇ ಇದೆ. ಬಾಣಲೆಯ ಜಿಡ್ಡನ್ನು ಹಳೇ ಕಾಗದದಿಂದ ಒರೆಸಿ, ಆಮೇಲೆ ತೊಳೆಯೋಣ.

ಇಷ್ಟಾದರೂ ಸೆಪ್ಟಿಕ್ ಟ್ಯಾಂಕ್ ತುಂಬಿತೇ? ಯಾರನ್ನೂ ಒಳಗೆ ಇಳಿಸಬಾರದು. ಅಲ್ಲಿ ವಿಷಗಾಳಿ ಇರುತ್ತೆ. ಇಳಿದವರು ಎಷ್ಟೋ ಜನ ಸತ್ತಿದ್ದಾರೆ. ರಕ್ಷಣೆಯ ಸಾಧನ ಇಲ್ಲದೆ ಇಳಿಸುವುದು 2013ರ ಕಾಯಿದೆ ಪ್ರಕಾರ ಅಪರಾಧ. ಹೀರುವ ಯಂತ್ರದ ಗಾಡಿ ಕರೆಸೋಣ.

ಗುಂಡಿಗೆ ಇಳಿಯುವವನೂ ಒಬ್ಬ ತಾಯಿಯ ಮಗನೇ.