ಅಪ್‌ಡೇಟ್ ಆದ ಮೇಲೆ ಕೀಬೋರ್ಡ್ ಕೈಕೊಟ್ಟಿತೇ?

ಚಾಮರಾಜನಗರ, ಗುಂಡ್ಲುಪೇಟೆಯ ಡಿಟಿಪಿ ಅಂಗಡಿಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಜನ ಅರ್ಜಿ ಹಿಡಿದು ನಿಂತಿರುವಾಗ ಕೀಬೋರ್ಡ್ ಕೈಕೊಟ್ಟರೆ ಕೆಲಸವೆಲ್ಲ ನಿಲ್ಲುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಬೆನ್ನಿಗೇ ಹೀಗಾಗಿದ್ದರೆ ಹೊಸ ಕೀಬೋರ್ಡ್ ಕೊಳ್ಳಲು, ಸಿಪಿಯು ಹೊತ್ತು ಮೈಸೂರಿಗೆ ಹೋಗಲು ಆತುರ ಬೇಡ. ಬಹಳ ಸಲ ಬದಲಾಗಿರುವುದು ಸೆಟ್ಟಿಂಗ್ ಮಾತ್ರ. ಈ ಕ್ರಮದಲ್ಲಿ ಪರೀಕ್ಷಿಸಿ.

1. ರೀಸ್ಟಾರ್ಟ್ ಮಾಡಿ: ಶಟ್‌ಡೌನ್ ಸಾಲದು. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

2. ದೋಷ ಎಲ್ಲಿದೆ ನೋಡಿ: ಸ್ಟಾರ್ಟ್ ಮೆನುವಿನಿಂದ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಮೌಸ್‌ನಿಂದ ಒತ್ತಿ. ಅದರಲ್ಲಿ ಅಕ್ಷರ ಸರಿಯಾಗಿ ಮೂಡಿದರೆ ಕೀಬೋರ್ಡನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ. ಬೇರೆ ಕಂಪ್ಯೂಟರಿನಲ್ಲೂ ಅದು ನಡೆಯದಿದ್ದರೆ ಮಾತ್ರ ಹೊಸದು ಬೇಕು.

3. ಭಾಷೆ ಗಮನಿಸಿ: ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ‘ಎನ್’ ಕೀಲಿಗೆ ‘ನ’ ಬರುತ್ತದೆ. ‘ಲ’ ಬಂದರೆ ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ವಿನ್ಯಾಸ ಚಾಲೂ ಆಗಿದೆ ಎಂದರ್ಥ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷ್ ಆರಿಸಿ, ಆಮೇಲೆ ನುಡಿ ತೆರೆಯಿರಿ.

4. ನುಡಿ ಸ್ಪಂದಿಸದಿದ್ದರೆ: ಅದನ್ನು ಮುಚ್ಚಿ, ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಹಳೆಯ ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್. ಲ್ಯಾಪ್‌ಟಾಪಿನಲ್ಲಿ ಆ ಕೀಲಿ ಇಲ್ಲದಿದ್ದರೆ ಆನ್‌ಸ್ಕ್ರೀನ್ ಕೀಬೋರ್ಡಿನಲ್ಲಿ ಒತ್ತಿ. ಹಳೆಯ ಕಡತ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ ಅದು ಫಾಂಟ್ ತೊಂದರೆ. ನುಡಿ ಫಾಂಟ್ ಹಾಕಿದರೆ ಸರಿಹೋಗುತ್ತದೆ.

5. ಕೀಲಿ ತಡವಾಗಿ ಸ್ಪಂದಿಸಿದರೆ: ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದರೆ ಕೀಲಿಗಳ ಸ್ಪಂದನೆ ನಿಧಾನಗೊಳಿಸುವ ‘ಫಿಲ್ಟರ್ ಕೀಸ್’ ಚಾಲೂ ಆಗುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಅದನ್ನು ಆಫ್ ಮಾಡಿ.

6. ಡ್ರೈವರ್: ಡಿವೈಸ್ ಮ್ಯಾನೇಜರಿನ ಕೀಬೋರ್ಡ್ಸ್‌ನಲ್ಲಿ ನಿಮ್ಮ ಕೀಬೋರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ ಮೌಸ್‌ನಿಂದಲೇ ರೀಸ್ಟಾರ್ಟ್ ಕೊಡಿ. ವಿಂಡೋಸ್ ತಾನೇ ಡ್ರೈವರನ್ನು ಮತ್ತೆ ಹಾಕಿಕೊಳ್ಳುತ್ತದೆ.

7. ಕೊನೆಯ ದಾರಿ: ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ವಿಂಡೋಸ್ ಅಪ್‌ಡೇಟ್‌ನ ಅಪ್‌ಡೇಟ್ ಹಿಸ್ಟರಿಯಲ್ಲಿ ಕೊನೆಯ ಅಪ್‌ಡೇಟ್ ತೆಗೆಯಿರಿ.

ಹೀಗಾಯಿತೆಂದು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಬೇಡಿ. ಜನರ ಆಧಾರ್, ಬ್ಯಾಂಕ್ ವಿವರ ತುಂಬುವ ಕಂಪ್ಯೂಟರಿಗೆ ಭದ್ರತಾ ಅಪ್‌ಡೇಟ್ ಬೇಕೇ ಬೇಕು. ಕೆಲಸದ ವೇಳೆಯನ್ನು ‘ಆ್ಯಕ್ಟಿವ್ ಅವರ್ಸ್’ನಲ್ಲಿ ನಮೂದಿಸಿ, ಅಪ್‌ಡೇಟನ್ನು ಅಂಗಡಿ ಮುಚ್ಚುವ ಹೊತ್ತಿಗೆ ಇಟ್ಟುಕೊಳ್ಳಿ.